ನನ್ನ ಗಂಡನ ಆಸ್ಪತ್ರೆ ಚೀಟಿಯನ್ನು ಸಭೆಯಲ್ಲಿ ಓದಿದವರಿಗೆ

ಕುಡಿಯುವ ನೀರಿನ ಉಸ್ತುವಾರಿ ಅಧಿಕಾರಿಗಳೇ,

'ಮಾನ್ಯರೇ' ಎಂಬ ಪದವನ್ನು ನಾನು ದಿನಕ್ಕೆ ಹತ್ತು ಹದಿನೈದು ಸಲ ಟೈಪ್ ಮಾಡುತ್ತೇನೆ. ಅದು ನನ್ನ ಕಸುಬು. ಇವತ್ತು ಬೇಕೆಂದೇ ಅದನ್ನು ಬಿಟ್ಟಿದ್ದೇನೆ. ಕಳೆದ ಫೆಬ್ರವರಿಯ ಮೂರನೇ ಸೋಮವಾರ ನೀವು ನಮ್ಮೂರಿನ ಪಂಚಾಯಿತಿ ಸಭೆಯಲ್ಲಿ, ನಲವತ್ತಮೂರು ಜನರೆದುರು, ನನ್ನ ಗಂಡ ಓಬಳೇಶ್ ಅವರ ಆಸ್ಪತ್ರೆ ಚೀಟಿಯನ್ನು ಗಟ್ಟಿಯಾಗಿ ಓದಿದಿರಿ. ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಓದಿದಿರಿ, ಅದು ಅರ್ಥವಾಗದವರಿಗಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದಿರಿ, ಮಾತ್ರೆಗಳ ಹೆಸರನ್ನೂ ಬಿಡಲಿಲ್ಲ. ಕೊನೆಗೆ "ಇಷ್ಟು ವರ್ಷ ಊರಿಗೆ ನೀರು ಕುಡಿಸಿದ್ದು ಹುಚ್ಚನಾ?" ಎಂದು ನಕ್ಕಿರಿ. ಹನ್ನೊಂದು ವರ್ಷ ನೀರುಗಂಟಿಯಾಗಿ ದುಡಿದವರನ್ನು ಮಾರನೆಯ ದಿನವೇ ಕೆಲಸದಿಂದ ತೆಗೆದಿರಿ. ಪತ್ರಿಕೆಗೆ ಕೊಡುತ್ತಿರುವ ಈ ಪತ್ರವನ್ನು ನ್ಯಾಯ ಕೇಳುವ ಮನವಿ ಎಂದು ಯಾರೂ ಓದಬೇಡಿ. ನ್ಯಾಯಕ್ಕೆ ಬೇರೆ ಕಾಗದಗಳು ತಯಾರಾಗಿವೆ. ಇದನ್ನು ನಾನು ಸೇಡಿಗಾಗಿ ಬರೆಯುತ್ತಿದ್ದೇನೆ.

ನನ್ನ ಹೆಸರು ನಿರ್ಮಲಾ. ಬಿ.ಜಿ. ಕೆರೆ ಕಡೆಯ ಒಂದು ಊರಿನಿಂದ ದಿನಾ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಬಂದು, ಕಚೇರಿಗಳ ಎದುರಿನ ಸಾಲಿನಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಜನರ ಅರ್ಜಿ ಬರೆದುಕೊಡುತ್ತೇನೆ. ನನಗೆ ಮೂವತ್ತೆಂಟು, ಅವರಿಗೆ ನಲವತ್ತೊಂದು. ನಿಮ್ಮ ಕಚೇರಿಯ ಭಾಷೆಯಲ್ಲಿ ನಾವಿಬ್ಬರೂ ದುಡಿಯುವ ವಯಸ್ಸಿನವರು. ಅದೇ ಭಾಷೆಯಲ್ಲಿ ನಮ್ಮ ಬೆಳಗು ಹೇಗಿರುತ್ತದೆಂದು ಹೇಳುವ ಪದಗಳಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಆರು ವರ್ಷದಿಂದ ನನಗೆ ಸಂಧಿವಾತ. ಎದ್ದಾಗ ಬೆರಳುಗಳು ಕಟ್ಟಿಗೆಯ ಹಾಗೆ ನಿಂತಿರುತ್ತವೆ. ನಲ್ಲಿ ತಿರುಗಿಸಲು ಆಗುವುದಿಲ್ಲ, ಬಟ್ಟೆ ಹಿಂಡಲು ಆಗುವುದಿಲ್ಲ, ಜಡೆ ಹಾಕಿಕೊಳ್ಳಲು ಆಗುವುದಿಲ್ಲ. ನನ್ನ ಜಡೆ ಹಾಕುವುದು ಅವರು. ಅವರಿಗೆ ಒಂಬತ್ತು ವರ್ಷದಿಂದ ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆ. ಮಾತ್ರೆಯಿಂದ ಕೈ ನಡುಗುತ್ತದೆ, ಟೀ ಲೋಟ ಅರ್ಧಕ್ಕಿಂತ ಹೆಚ್ಚು ತುಂಬಿಸಿ ಕೊಡುವ ಹಾಗಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡ ಮಾರನೆಯ ದಿನ ಮೈ ನೆನೆದ ಗೋಣಿಚೀಲದಷ್ಟು ಭಾರ. ಜನ ಗುಂಪುಗೂಡಿ ಮಾತಾಡುವಲ್ಲಿ ಹೆಚ್ಚು ಹೊತ್ತು ನಿಲ್ಲಲಾರರು. ಯಾವ ಮಾತ್ರೆ ಯಾವಾಗ ಎಂದು ನೆನಪಿಟ್ಟುಕೊಳ್ಳುವುದು ನಾನು, ಆ ಮಾತ್ರೆಯ ಹಾಳೆಯನ್ನು ಒಡೆಯುವುದು ಅವರು. ಇಬ್ಬರನ್ನೂ ಕೂಡಿಸಿದರೆ ಒಬ್ಬ ಪೂರ್ತಿ ಕೆಲಸಗಾರ ಆಗುತ್ತಾನೆ. ಆ ಒಬ್ಬನಿಂದ ಮನೆಯೂ ನಡೆಯುತ್ತಿತ್ತು, ಊರಿಗೆ ನೀರೂ ಬರುತ್ತಿತ್ತು.

ನನ್ನ ಕಾಯಿಲೆ ಕಣ್ಣಿಗೆ ಕಾಣುತ್ತದೆ. ಸೊಟ್ಟಗಾದ ಬೆರಳು ನೋಡಿ ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಡುತ್ತಾರೆ, ಯಾವ ಎಣ್ಣೆ ಹಚ್ಚಬೇಕೆಂದು ಹೇಳುತ್ತಾರೆ. ಅವರ ಕಾಯಿಲೆಗೆ ತೋರಿಸಲು ಬೆರಳಿಲ್ಲ. ಕಾಣುವವರೆಗೆ ಅವರು ಸೋಮಾರಿ, ಕಂಡ ಮೇಲೆ ಹುಚ್ಚ. ಈ ಎರಡರ ನಡುವೆ ಕಾಯಿಲೆಯವನು ಎಂಬ ಮೂರನೆಯ ಜಾಗವನ್ನು ನೀವು ಯಾರೂ ಅವರಿಗೆ ಕೊಡಲಿಲ್ಲ.

ಕಾಯಿಲೆ ಶುರುವಾದಾಗ ಅವರು ಊಟ ಬಿಟ್ಟಿದ್ದರು. ಅನ್ನದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ ಎಂಬ ಭಯ. ತಾವೇ ಒಡೆದ ತೆಂಗಿನಕಾಯಿ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ನಮ್ಮತ್ತೆ ಮುದ್ದಕ್ಕ ಕಂಡ ಗುಡಿಗಳಿಗೆಲ್ಲ ಕರೆದುಕೊಂಡು ಹೋದರು. ಎರಡು ತಿಂಗಳಲ್ಲಿ ಮನುಷ್ಯ ಎಲುಬಾಗಿದ್ದರು. ಕೊನೆಗೆ ಚಳ್ಳಕೆರೆಯ ಆಸ್ಪತ್ರೆಗೆ ತಿಂಗಳಿಗೊಂದು ಮಂಗಳವಾರ ಮನೋವೈದ್ಯರು ಬರುತ್ತಾರೆಂದು ತಿಳಿದು ಅಲ್ಲಿಗೆ ಹೋದೆವು. ಮೂರನೆಯ ತಿಂಗಳಿಗೆ ಅವರು ನನ್ನ ಕೈಯಿಂದ ಮುದ್ದೆ ಇಸಿದುಕೊಂಡು ಉಂಡರು. ಅಂದಿನಿಂದ ಒಂದು ಮಂಗಳವಾರವನ್ನೂ ತಪ್ಪಿಸಿರಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ತೋರಿಸಿದರೆ ಪರಿಚಯದವರು ನೋಡುತ್ತಾರೆಂದು ನಾವು ಚಳ್ಳಕೆರೆಗೆ ಹೋಗುತ್ತೇವೆ. ಚಳ್ಳಕೆರೆಯವರು ಅದೇ ಕಾರಣಕ್ಕೆ ಇನ್ನೊಂದು ಊರಿಗೆ ಹೋಗುತ್ತಾರೆ. ದಾರಿಯಲ್ಲಿ ನಮ್ಮ ಬಸ್ಸುಗಳು ಎದುರುಬದುರಾಗುತ್ತವೆ.

ಆ ಮಂಗಳವಾರಗಳಂದು ಊರಿಗೆ ನೀರು ತಪ್ಪಿತೇ? ಬಸ್ಸು ಹತ್ತುವ ಮೊದಲೇ ಅವರು ಟ್ಯಾಂಕು ತುಂಬಿಸಿ ಎಲ್ಲ ಕೇರಿಗೂ ಬಿಟ್ಟಿರುತ್ತಿದ್ದರು. ಬುಧವಾರ ವಾಲ್ವ್ ತಿರುಗಿಸಲು ಬಿಲ್ ಕಲೆಕ್ಟರ್ ಕ್ಯಾತಣ್ಣನಿಗೆ ಹೇಳಿಟ್ಟಿರುತ್ತಿದ್ದರು. ಕ್ಯಾತಣ್ಣನಿಗೆ ಒಂಬತ್ತು ವರ್ಷದಿಂದ ಎಲ್ಲವೂ ಗೊತ್ತು, ಒಬ್ಬರೆದುರೂ ಬಾಯಿ ಬಿಟ್ಟವನಲ್ಲ. ದಿನಾ ಬೆಳಿಗ್ಗೆ ಟ್ಯಾಂಕಿನ ಮೊದಲ ಲೋಟ ನೀರನ್ನು ತಾವು ಕುಡಿದು ನೋಡಿ, ಆಮೇಲೆ ಊರಿಗೆ ಬಿಡುವುದು ಓಬಳೇಶ್ ಅವರ ಪದ್ಧತಿ. ಹಾಗೆ ಮಾಡು ಎಂದು ನಿಮ್ಮ ಯಾವ ಸುತ್ತೋಲೆಯೂ ಹೇಳಿರಲಿಲ್ಲ.

ಜನವರಿಯಲ್ಲಿ ನಿಮ್ಮ ನೋಟಿಸು ಬಂತು. ಪ್ರತಿ ತಿಂಗಳು ಒಂದು ಮಂಗಳವಾರ ಗೈರುಹಾಜರಾಗುವುದಕ್ಕೆ ಕಾರಣವನ್ನು ದಾಖಲೆ ಸಮೇತ ತಿಳಿಸತಕ್ಕದ್ದು. ಅವರು ಹೊಟ್ಟೆನೋವು ಎಂದು ಬರೆಯೋಣ ಎಂದರು.

"ಸುಳ್ಳು ಯಾಕ್ರೀ ಬರೀಬೇಕು? ಕಾಯಿಲೆ ಐತೆ, ಔಷಧಿ ತಗಂತೀನಿ, ಕೆಲ್ಸ ತಪ್ಸಿಲ್ಲ ಅಂತ ಬರೆಯಾನ. ಓದಿದ ಸಾಹೇಬ್ರು ಅವರು, ತಿಳ್ಕಂತಾರೆ," ಎಂದೆ.

"ನಿಂಗೆ ಗೊತ್ತಿಲ್ಲ ಕಣೇ. ಹೊಟ್ಟೆನೋವು ಅಂದ್ರೆ ಯಾರೂ ನಗಲ್ಲ."

ನಾನು ಕೇಳಲಿಲ್ಲ. ನನ್ನ ಅಂಗಡಿಯಲ್ಲಿ, ನನ್ನ ಬೆರಳುಗಳಿಂದಲೇ ಆ ವಿವರಣೆಯನ್ನು ಟೈಪ್ ಮಾಡಿದೆ. ಆಸ್ಪತ್ರೆ ಚೀಟಿಯ ನಕಲನ್ನು ನಾನೇ ಲಗತ್ತಿಸಿದೆ. 'ಗೌಪ್ಯ' ಎಂದು ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ಆ ಲಕೋಟೆಯನ್ನೇ ನೀವು ಸಭೆಗೆ ತಂದಿರಿ.

ಸಭೆಯಲ್ಲಿ ನಡೆದದ್ದನ್ನು ನನಗೆ ಹೇಳಿದವನು ಕ್ಯಾತಣ್ಣ. ನೀವು ಓದುತ್ತಿದ್ದಂತೆ ಅವರ ಪಕ್ಕದ ಕುರ್ಚಿಯಲ್ಲಿದ್ದವರು ಕುರ್ಚಿ ಸಮೇತ ಸರಿದರಂತೆ. "ಅತ್ತಿಗೆ, ಓಬಳೇಶಣ್ಣ ಕೈ ನಡುಗೋದು ಕಾಣಬಾರ್ದು ಅಂತ ತೊಡೆ ಕೆಳಗೆ ಇಟ್ಕಂಡಿದ್ರು," ಎಂದು ಹೇಳಿ ಅವನು ಅತ್ತ. ಸಂಜೆಗೆ ಸುದ್ದಿ ಊರೆಲ್ಲ ಆಯಿತು. ಎದುರುಮನೆಯ ಯರ್ರಮ್ಮ ನಮ್ಮ ಬಾಗಿಲ ಮುಂದೆಯೇ ಬಿಂದಿಗೆಯ ನೀರು ಚೆಲ್ಲಿ, ಹುಣಸೆಹಣ್ಣು ಹಾಕಿ ಮೂರು ಸಲ ತೊಳೆದಳು.

ಬುಧವಾರ ನಾನು ನಿಮ್ಮ ಕೋಣೆಗೆ ಬಂದೆ. ನಿಮಗೆ ನೆನಪಿರಬೇಕು. ನನ್ನ ಬೆರಳು ನೋಡಿ, "ಅಯ್ಯೋ, ಕೈಗೇನಾಯ್ತಮ್ಮ? ಕೂತ್ಕೊಳಿ, ಕೂತ್ಕೊಳಿ," ಎಂದು ನೀವೇ ಕುರ್ಚಿ ತೋರಿಸಿದಿರಿ. ಅಷ್ಟು ಕರುಣಾಳುಗಳು ನೀವು. ನಾನು ಓಬಳೇಶ್ ಅವರ ಹೆಂಡತಿ ಎಂದು ಹೇಳಿದ ಮೇಲೆ ನಿಮ್ಮ ಕರುಣೆ ಮೇಜಿನ ಆ ಕಡೆಗೇ ಉಳಿಯಿತು.

"ನೋಡಿಯಮ್ಮ, ನನಗೂ ಬೇಜಾರಿದೆ. ಆದರೆ ಅಂಥವರು ನೀರಿಗೆ ಏನಾದರೂ ಬೆರೆಸಿಬಿಟ್ಟರೆ ಯಾರು ಹೊಣೆ? ನೀವು ಗ್ಯಾರಂಟಿ ಬರೆದುಕೊಡ್ತೀರಾ?"

"ಸಾರ್, ಡಾಕ್ಟರ ಪತ್ರ ತರ್ತೀನಿ. ಕೆಲಸ ಮಾಡಬಹುದು ಅಂತ ಅವರೇ ಬರ್ಕೊಡ್ತಾರೆ."

"ಡಾಕ್ಟರು ಬರೀತಾರೆ. ನೀರು ಕುಡಿಯೋರು ಜನ."

ಅಂದು ಕುರ್ಚಿಯಿಂದ ಎದ್ದು ಬಂದೆ. ಉತ್ತರವನ್ನು ಈಗ ಹೇಳುತ್ತೇನೆ. ಒಂಬತ್ತು ವರ್ಷದ ಹಿಂದೆ ನನ್ನ ಗಂಡನಿಗೆ, ಯಾರೋ ತಮ್ಮ ಊಟಕ್ಕೆ ಏನೋ ಬೆರೆಸುತ್ತಾರೆ ಎಂಬ ಭಯ ಬಂದಾಗ ಅದನ್ನು ಕಾಯಿಲೆ ಎಂದರು, ಮಾತ್ರೆ ಕೊಟ್ಟರು. ಯಾವ ಆಧಾರವೂ ಇಲ್ಲದೆ ಅದೇ ಭಯ ನಿಮಗೆ ಬಂದಾಗ ಅದನ್ನು ಆಡಳಿತ ಎಂದರು, ಆದೇಶ ಹೊರಡಿಸಿದರು. ನಿಮ್ಮಿಬ್ಬರಲ್ಲಿ ಇವತ್ತಿಗೂ ಚಿಕಿತ್ಸೆ ಸಿಗದೆ ಉಳಿದವರು ಯಾರು?

ಮನೆಗೆ ಬಂದರೆ ಅವರು ಮಾತ್ರೆಯ ಡಬ್ಬಿಯನ್ನು ತಿಪ್ಪೆಗೆ ಎಸೆದಿದ್ದರು. "ಇದನ್ನ ತಿಂತೀನಿ ಅಂತ ತಾನೆ ಹುಚ್ಚ ಅಂದಿದ್ದು? ತಿನ್ನಲ್ಲ ಬಿಡು. ತಿನ್ನದೇ ಇದ್ರೆ ಹುಚ್ಚ ಅಲ್ಲ," ಎಂದರು. ಕಾಲು ಹಿಡಿದೆ, ಜಗಳ ಮಾಡಿದೆ, ಮುದ್ದಕ್ಕ ಉಪವಾಸ ಕೂತರು. ಮಾರ್ಚಿನ ಮಂಗಳವಾರ ಬಸ್ಸು ಹೋಯಿತು, ಅವರು ಹತ್ತಲಿಲ್ಲ. ನಿದ್ದೆ ಹೋಯಿತು. ಆಮೇಲೆ ತಟ್ಟೆಯ ಮುಂದೆ ಉಣ್ಣದೆ ಕೂರತೊಡಗಿದರು. ತಿಂಗಳ ಕೊನೆಯ ಒಂದು ಬೆಳಿಗ್ಗೆ ನನ್ನ ಜಡೆ ಅರ್ಧ ಹೆಣೆದವರು ಕೈಬಿಟ್ಟು ಎದ್ದು ಹೋದರು. ಮತ್ತೆ ಬರಲಿಲ್ಲ.

ಎರಡು ದಿನ ಹುಡುಕಿದೆವು. ಸಿಕ್ಕಿದ್ದು ಹುಸೇನ್ ಸಾಬರಿಗೆ. ಅವರು ಚಳ್ಳಕೆರೆಯ ಮೋಟಾರ್ ಮೆಕ್ಯಾನಿಕ್, ನಮ್ಮೂರಿನ ಪಂಪು ಕೆಟ್ಟಾಗಲೆಲ್ಲ ಬಂದು ರಿಪೇರಿ ಮಾಡಿದವರು. ಅಂದು ಯಾವುದೋ ತೋಟದ ಮೋಟಾರು ನೋಡಲು ಉಳ್ಳಾರ್ತಿ ಕಾವಲ್ ಹುಲ್ಲುಗಾವಲಿನ ಕಡೆ ಹೋಗುತ್ತಿದ್ದಾಗ, ಬೇಲಿಯ ಪಕ್ಕ ಒಣಹುಲ್ಲಿನಲ್ಲಿ ಕೂತಿದ್ದ ಇವರನ್ನು ಕಂಡು ಗಾಡಿ ನಿಲ್ಲಿಸಿದರು. ಸುಡುವ ಬಿಸಿಲು. ತುಟಿ ಒಡೆದು ರಕ್ತ ಬಂದಿತ್ತು. ಹುಸೇನ್ ಸಾಬರು ನೀರಿನ ಬಾಟಲಿ ಕೊಟ್ಟರೆ ಇವರು ಹಿಂದೆ ಸರಿದರಂತೆ.

"ಬ್ಯಾಡ ಸಾಬ್ರೇ. ನಾನು ನೀರಿಗೆ ಏನೋ ಹಾಕಿಬಿಟ್ಟೀನಿ."

"ಏನ್ ಹಾಕಿದ್ಯಪ್ಪಾ ನೀನು?"

"ನೆಪ್ಪಿಲ್ಲ. ಹಾಕಿರ್ಬೇಕು. ಸಾಹೇಬ್ರು ಸುಮ್ನೆ ಹೇಳ್ತಾರಾ?"

ಈ ಮಾತನ್ನು ನೀವು ಎರಡು ಸಲ ಓದಬೇಕೆಂದು ನನ್ನ ಆಸೆ. ಹನ್ನೊಂದು ವರ್ಷ ಮೊದಲ ಲೋಟ ತಾನು ಕುಡಿದು ಊರಿಗೆ ನೀರು ಬಿಟ್ಟ ಮನುಷ್ಯ, ಬೇಸಿಗೆಯಲ್ಲಿ ಎರಡು ದಿನ ಒಂದು ಹನಿ ನೀರು ಮುಟ್ಟದೆ ಕೂತಿದ್ದರು. ತಾನು ಊರಿಗೆಲ್ಲ ವಿಷ ಹಾಕಿದ್ದೇನೆಂದು ಅವರು ನಂಬಿದ್ದರು. ಆ ನಂಬಿಕೆ ಅವರ ಕಾಯಿಲೆಯದ್ದಲ್ಲ. ಅದು ನಿಮ್ಮ ಬಾಯಿಂದ ಹೊರಟು ಅವರ ತಲೆಯೊಳಗೆ ಹೋಗಿ ಕೂತದ್ದು.

ಹುಸೇನ್ ಸಾಬರು ಹತ್ತನೇ ತರಗತಿಯೂ ಓದಿದವರಲ್ಲ. ಅವರು ಬಾಟಲಿಯ ಅರ್ಧ ನೀರನ್ನು ಇವರ ಎದುರೇ ಗಟಗಟ ಕುಡಿದರು. "ನೋಡು ಭಾಯ್, ನಾನು ಕುಡ್ದೆ. ಇಲ್ಲೇ ಕುಂತಿರ್ತೀನಿ. ನಾನು ಸತ್ರೆ ನೀನು ಕುಡಿಬ್ಯಾಡ. ಸಾಯ್ಲಿಲ್ಲ ಅಂದ್ರೆ ಕುಡಿ," ಎಂದು ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತರಂತೆ. ಅರ್ಧ ಗಂಟೆಯ ನಂತರ ಇವರು ಬಾಟಲಿಗೆ ಕೈ ಚಾಚಿದರು. ಇಷ್ಟೇ ಬೇಕಾಗಿದ್ದದ್ದು, ಅಧಿಕಾರಿಗಳೇ. ನಿಮ್ಮಲ್ಲಿ ಪದವಿ ಇದೆ, ಜೀಪಿದೆ, ಮೊಹರಿದೆ, ಪಕ್ಕದಲ್ಲಿ ಅರ್ಧ ಗಂಟೆ ಕೂರುವ ಬುದ್ಧಿಯೊಂದಿಲ್ಲ.

ಅವರು ಜಿಲ್ಲಾಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದರು. ಮೊದಲ ವಾರ ನನ್ನನ್ನೇ ಗುರುತಿಸಲಿಲ್ಲ. ನಾನು ಬೆರಳು ಮಡಚಲಾಗದೆ, ತಟ್ಟೆಯಿಂದ ಅನ್ನವನ್ನು ಅಂಗೈಯಲ್ಲೇ ಎತ್ತಿ ಅವರ ಬಾಯಿಗೆ ಒಡ್ಡುತ್ತಿದ್ದೆ. ಪಕ್ಕದ ಮಂಚದವರು ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದರು. ಆ ಹದಿನೆಂಟು ದಿನವೂ ನಾನು ನಿಮ್ಮನ್ನು ಬೈದೆ. ದೇವರ ಹೆಸರು ಹೇಳುವ ಹೊತ್ತಿನಲ್ಲಿ ನಿಮ್ಮ ಹುದ್ದೆಯ ಹೆಸರು ಹೇಳಿದೆ.

ಇತ್ತ ನೀವು ನೇಮಿಸಿದ ಹೊಸಬ ಪೂರ್ಣ ಸ್ವಸ್ಥ. ಯಾವ ಮಾತ್ರೆಯೂ ಇಲ್ಲ, ಯಾವ ಮಂಗಳವಾರವೂ ಇಲ್ಲ. ಮೇ ತಿಂಗಳಲ್ಲಿ ಮೂರು ವಾರ ಅವನು ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವುದನ್ನೇ ಮರೆತ. ಏಳು ಮಕ್ಕಳು, ನಾಲ್ಕು ದೊಡ್ಡವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಅವನ ಚೀಟಿಯನ್ನು ನೀವು ಯಾವ ಸಭೆಯಲ್ಲಿ ಓದಿದಿರಿ? "ಮನುಷ್ಯ ಸಹಜ ತಪ್ಪು" ಎಂದಿರಂತೆ. ಮನುಷ್ಯ ಸಹಜವಾಗಿ ತಪ್ಪು ಮಾಡಬೇಕಾದರೆ ಮೊದಲು ಮನುಷ್ಯ ಎನಿಸಿಕೊಂಡಿರಬೇಕು. ಅದು ನಮಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಯರ್ರಮ್ಮ ನೇರವಾಗಿ ನಮ್ಮ ಬಾಗಿಲಿಗೆ ಬಂದಳು. "ಅಮ್ಮಾ ನಿರ್ಮಲಾ, ನಿನ್ ಗಂಡನ್ನ ಒಂದ್ಸಲ ಟ್ಯಾಂಕ್ ಹತ್ರ ಕಳ್ಸವ್ವಾ. ಆ ಹೊಸಬನಿಗೆ ಏನೂ ಬರಲ್ಲ."

"ಹುಚ್ಚನ ಹತ್ರ ಯಾಕೆ ಬಂದ್ರಿ ಯರ್ರಮ್ಮ? ಬಿಂದಿಗೆ ಇನ್ನೂ ನಾಕು ಸಲ ತೊಳಕಳಿ, ಹೋಗ್ರಿ," ಎಂದು ಬಾಗಿಲು ಹಾಕಿದೆ. ಬಾಗಿಲ ಹಿಂದೆ ನಿಂತು ಆ ಖುಷಿಯನ್ನು ಕೊನೆಯವರೆಗೂ ಅನುಭವಿಸಿದೆ. ನಾಚಿಕೆಯಾಗಲಿಲ್ಲ. ಒಳಗೆ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನಗೇನೂ ಹೇಳದೆ ಕ್ಯಾತಣ್ಣನಿಗೆ ಫೋನ್ ಮಾಡಿ, ಎಷ್ಟು ನೀರಿಗೆ ಎಷ್ಟು ಪುಡಿ ಹಾಕಬೇಕೆಂದು ನಿಧಾನವಾಗಿ ಎರಡು ಸಲ ಹೇಳಿದರು.

ಕಳೆದ ವಾರ ನಿಮ್ಮ ಕಚೇರಿಯಿಂದ ಒಬ್ಬರು ನನ್ನ ಅಂಗಡಿಗೆ ಬಂದಿದ್ದರು. ಓಬಳೇಶ್ ಸೋಮವಾರದಿಂದ ಸುಮ್ಮನೆ ಕೆಲಸಕ್ಕೆ ಬರಲಿ, ಆದೇಶ ಗೀದೇಶ ಏನೂ ಬೇಡ, ಸಾಹೇಬರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ ಎಂದರು. ತೆಗೆಯುವಾಗ ಮೊಹರು ಒತ್ತಿದ ಆದೇಶ, ಕರೆಯುವಾಗ ಬಾಯಿಮಾತು! ಅವಮಾನ ಸಭೆಯಲ್ಲಿ, ಮರ್ಯಾದೆ ಹಿತ್ತಿಲಿನಲ್ಲಿ! ಬಂದವರಿಗೆ ಟೀ ಕುಡಿಸಿ ಕಳಿಸಿದೆ. ಉತ್ತರವನ್ನು ಪತ್ರಿಕೆಯಲ್ಲಿ ಓದಿಕೊಳ್ಳಲಿ ಎಂದೆ.

ಇನ್ನೊಂದು ವಿಷಯ. ಚಳ್ಳಕೆರೆಯ ಆ ಮಂಗಳವಾರದ ಸಾಲಿನಲ್ಲಿ ಒಂಬತ್ತು ವರ್ಷದಿಂದ ನಿಂತಿದ್ದೇನೆ. ಅಲ್ಲಿ ಬಸ್ ಕಂಡಕ್ಟರ್ ಇದ್ದಾರೆ, ದರ್ಜಿ ಇದ್ದಾರೆ, ಬಿಸಿಯೂಟದ ಅಡುಗೆಯವರಿದ್ದಾರೆ, ಸಮವಸ್ತ್ರ ತೆಗೆದಿಟ್ಟು ಬರುವ ಪೊಲೀಸರಿದ್ದಾರೆ. ಎಲ್ಲರೂ ಮಾರನೆಯ ದಿನ ಎದ್ದು ಕೆಲಸಕ್ಕೆ ಹೋಗುವವರೇ. ಅಲ್ಲಿ ಯಾರು ಯಾರ ಮನೆಯವರು ಎಂದು ನನಗೆ ಚೆನ್ನಾಗಿ ಗೊತ್ತು. ಈ ಪತ್ರದಲ್ಲಿ ಅದರ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಅದು ಅಚ್ಚಾಗಿದ್ದರೆ ನೀವು ಮತ್ತೆ ಯಾವ ಸಭೆಯಲ್ಲೂ ತಲೆಯೆತ್ತಿ ಕೂರುತ್ತಿರಲಿಲ್ಲ. ನಿಮ್ಮ ಹಾಗೆಯೇ ಗಟ್ಟಿಯಾಗಿ, ಹೆಸರಿನ ಸಮೇತ ಬರೆದಿದ್ದೆ. ನನ್ನ ಗಂಡ ಪರದೆಯ ಮುಂದೆ ಕೂತು ಪೂರ್ತಿ ಓದಿದರು.

"ಇದನ್ನ ತಗಿ."

"ಅವರು ನಿಮಗೆ ಮಾಡಿದ್ದನ್ನೇ ಅಲ್ಲೇನ್ರೀ ನಾನು ಮಾಡ್ತಿರೋದು?"

"ಅದಕ್ಕೇ ತಗಿ ಅಂದಿದ್ದು. ಆ ಸಾಲಿನಾಗೆ ನಿಂತೋರು ನಮ್ಮೋರು ಕಣೇ. ಆ ಜೀವ ನಮಗೇನು ಮಾಡೈತೆ?"

ತೆಗೆದೆ. ಇಷ್ಟು ಹೇಳಿದ್ದೂ ಹೆಚ್ಚಾಯಿತೆಂದು ಅವರು ಬೈಯಬಹುದು, ಬೈಯಲಿ. ನಾನು ಅವರಷ್ಟು ಒಳ್ಳೆಯವಳಲ್ಲ. ನೀವು ತಾಲ್ಲೂಕಿನಲ್ಲೆಲ್ಲ ಅಪಾಯಕಾರಿ ಎಂದು ಸಾರಿದ ಮನುಷ್ಯನೇ ಇವತ್ತು ನಿಮ್ಮ ಮರ್ಯಾದೆ ಕಾದದ್ದು ಎಂದು ತಿಳಿದುಕೊಂಡೇ ನೀವು ಉಣ್ಣಬೇಕು, ಮಲಗಬೇಕು. ಇದು ನನ್ನ ಸೇಡಿನ ಮೊದಲ ಕಂತು.

ಎರಡನೆಯದು ನನ್ನ ಕಸುಬಿನದು. ಇಷ್ಟು ವರ್ಷ ನಿಮ್ಮ ಕಚೇರಿಯ ಮೇಲೆ ದೂರು ಹೊತ್ತು ಬಂದವರ ಅರ್ಜಿಗಳ ಹಲ್ಲು ಕಿತ್ತು ಕಳಿಸಿದವಳು ನಾನು. ಅವರು 'ತಿಂದರು' ಎಂದರೆ ನಾನು 'ವಿಳಂಬವಾಗಿರುತ್ತದೆ' ಎಂದು ಬರೆದೆ. ಅವರು 'ಬೈದು ಅಟ್ಟಿದರು' ಎಂದರೆ 'ಸೂಕ್ತ ಸ್ಪಂದನೆ ದೊರೆತಿರುವುದಿಲ್ಲ' ಎಂದು ಬರೆದೆ. ಇನ್ನು ಮೇಲೆ ಜನ ಹೇಳಿದ್ದು ಹೇಳಿದ ಹಾಗೆಯೇ ಅಚ್ಚಾಗುತ್ತದೆ. ನಿಮ್ಮ ಕಚೇರಿಗೆ ಹೋಗುವ ಪ್ರತಿ ದೂರಿಗೂ, ಪ್ರತಿ ಮಾಹಿತಿ ಹಕ್ಕಿನ ಅರ್ಜಿಗೂ ನನ್ನ ಕೂಲಿ ಇಲ್ಲ. ಈ ತಿಂಗಳು ಇದುವರೆಗೆ ಹತ್ತೊಂಬತ್ತು ಹೋಗಿವೆ. ಉಳಿದ ಅರ್ಜಿಗಳ ನಡುವೆ ದಿನಕ್ಕೆ ಇಂಥ ಎರಡಕ್ಕಿಂತ ಹೆಚ್ಚು ನನ್ನ ಬೆರಳಿಂದ ಆಗದು, ನಿಮ್ಮ ಅದೃಷ್ಟ.

ರೋಗಿಯ ಚೀಟಿಯನ್ನು ಬಯಲಿಗಿಡಬಾರದು, ಕಾಯಿಲೆಯ ನೆಪದಿಂದ ಕೆಲಸ ಕಿತ್ತುಕೊಳ್ಳಬಾರದು ಎಂದು ಕಾನೂನಿದೆ. ಅದರ ಪ್ರಕಾರ ದೂರು ಟೈಪ್ ಆಗಿದೆ, ಸಹಿಯೂ ಆಗಿದೆ. ನೀವು ಏನು ಮಾಡಿದರೂ ಅದು ಹೋಗಿಯೇ ಹೋಗುತ್ತದೆ. ಅದಕ್ಕೂ ಈಗ ನಾನು ಕೇಳುವುದಕ್ಕೂ ಸಂಬಂಧವಿಲ್ಲ.

ಇದೇ ಇಪ್ಪತ್ತೆರಡಕ್ಕೆ ನಮ್ಮೂರಲ್ಲಿ ಮತ್ತೆ ಸಭೆ ಇದೆ. ಅದೇ ನಲವತ್ತಮೂರು ಜನರನ್ನು ಕರೆಸಿ. ಎದ್ದು ನಿಲ್ಲಿ. ಓಬಳೇಶ್ ನೀರುಗಂಟಿ ಕೆಲಸಕ್ಕೆ ಯೋಗ್ಯರು ಎಂದು ವೈದ್ಯರು ಬರೆದ ಪತ್ರವನ್ನು, ಅವರು ಬಯಸಿದರೆ ಮಾತ್ರ, ಅವರ ಒಪ್ಪಿಗೆ ಕೇಳಿ ಪಡೆದು ಗಟ್ಟಿಯಾಗಿ ಓದಿ. ಅವರನ್ನು ತೆಗೆದದ್ದು ತಪ್ಪು ಎಂಬ ಲಿಖಿತ ಆದೇಶವನ್ನು ಓದಿ. ತಿಂಗಳಿಗೊಂದು ಮಂಗಳವಾರ, ಅದರ ಮಾರನೆಯ ಬುಧವಾರ ಅವರಿಗೆ ರಜೆ ಎಂದು ಅದರಲ್ಲಿ ಬರೆದಿರಲಿ. ಆ ಮೇಲೆ ಅವರು ಕೆಲಸಕ್ಕೆ ಬರುತ್ತಾರೋ ಇಲ್ಲವೋ ಅದು ಅವರಿಷ್ಟ. ಸದ್ಯಕ್ಕೆ ದಿನಕ್ಕೆ ಎರಡು ಗಂಟೆ ಹುಸೇನ್ ಸಾಬರ ಅಂಗಡಿಯಲ್ಲಿ ಕೂತು ಬರುತ್ತಾರೆ. ಟ್ಯಾಂಕಿನ ಕಡೆ ಇನ್ನೂ ಕಾಲಿಟ್ಟಿಲ್ಲ.

ಒಂದು ಎಚ್ಚರಿಕೆ. ಓದಿ ಮುಗಿಸಿದ ಮೇಲೆ ದಯವಿಟ್ಟು ಕ್ಷಮೆ ಕೇಳಬೇಡಿ. ನೀವು ಕ್ಷಮೆ ಕೇಳಿದರೆ ಆ ನಲವತ್ತಮೂರು ಜನ ಚಪ್ಪಾಳೆ ತಟ್ಟುತ್ತಾರೆ, ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ, ನೀವು ಹಗುರಾಗಿ ಜೀಪು ಹತ್ತುತ್ತೀರಿ. ನನ್ನ ಗಂಡ ನಿಮ್ಮನ್ನು ಕ್ಷಮಿಸಿಯೂ ಬಿಡುತ್ತಾರೆ, ಅವರ ಗುಣ ನನಗೆ ಗೊತ್ತು. ಆ ಅವಕಾಶವನ್ನು ನಿಮಗೆ ಕೊಡಲು ನಾನು ತಯಾರಿಲ್ಲ. ಓದಿ, ಕೂತುಕೊಳ್ಳಿ. ನಿಮ್ಮ ಪಕ್ಕದ ಕುರ್ಚಿಯವರು ಸರಿದು ಕೂರುತ್ತಾರಾ ಎಂದು ನೋಡಲು ನಾನು ಮುಂದಿನ ಸಾಲಿನಲ್ಲೇ ಇರುತ್ತೇನೆ.

ಇಂತಿ,
ಇಷ್ಟು ಕೆಟ್ಟವಳಾಗಬಲ್ಲೆನೆಂದು ಫೆಬ್ರವರಿಯವರೆಗೆ ತನಗೇ ಗೊತ್ತಿರದ,
ನಿರ್ಮಲಾ ಓಬಳೇಶ್
ಅರ್ಜಿ ಬರೆಯುವವಳು, ಮೊಳಕಾಲ್ಮೂರು